ನನ್ನನ್ನೇ ಹಿಡಿಸಿದ ಲಾರಿ ಟೈರಿನ ಅಟ್ಟೆ

ಯೂನಿಯನ್ ಸಿಟಿಯಲ್ಲಿರುವ ನಮ್ಮ ಪರಿಚಯದವರ ಮಗಳು ಅಂಜಲಿ ಬರುವ ತಿಂಗಳು ಪೊಲೀಸ್ ಅಕಾಡೆಮಿ ಸೇರುತ್ತಾಳೆ. ಹುಡುಗಿಗೆ ಸಂಭ್ರಮ, ತಾಯಿಗೆ ನಿದ್ದೆಯಿಲ್ಲ. ಮೊನ್ನೆ ಮನೆಗೆ ಬಂದ ಆ ತಾಯಿ, "ಕರೀಂ ಸಾರ್, ನಮ್ಮೋರಲ್ಲಿ ಈ ಕೆಲಸ ಮಾಡಿ ರಿಟೈರ್ ಆದೋರು ನೀವೊಬ್ರೇ. ಅದು ನಿಜವಾಗ್ಲೂ ಹೇಗಿರತ್ತೆ ಅಂತ ಒಂಚೂರು ಬರ್ದುಕೊಡಿ. ಅವಳಿಗೆ ಕನ್ನಡ ಓದಕ್ಕೆ ಬರಲ್ಲ, ನಾನೇ ಓದಿ ಹೇಳ್ತೀನಿ" ಎಂದರು. ಓದಿ ಹೇಳುವಾಗ ಭಯವಾಗುವ ಕಡೆ ಸ್ವಲ್ಪ ಬೇಗ ಬೇಗ ಓದಿಬಿಡಿ, ತಾಯಿ. ಕೊನೆಗೆ ಎಲ್ಲರೂ ಬದುಕಿ ಉಳಿಯುತ್ತಾರೆ.

ನನಗೆ ಸಿಕ್ಕ ಪ್ರಮೋಷನ್ನು, ಪದಕಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಅವು ಗೋಡೆಯ ಮೇಲಿವೆ. ನನ್ನ ಹೆಂಡತಿ ನೂರ್ ವಾರಕ್ಕೊಮ್ಮೆ ಧೂಳು ಒರೆಸುತ್ತಾಳೆ. ನಾನು ಮಾಡಿದ ತಪ್ಪುಗಳಿಂದ ಹುಡುಗಿಗೆ ಹೆಚ್ಚು ಉಪಯೋಗ. ಆ ಮಾಲಿಗೆ ನನ್ನ ಬಳಿ ಕೊರತೆಯಿಲ್ಲ.

ನಾನು ಮೈಸೂರಿನ ಮಂಡಿ ಮೊಹಲ್ಲಾದವನು. ಇಪ್ಪತ್ತು ವರ್ಷದವನಾಗಿದ್ದಾಗ ಅಣ್ಣನ ಹಿಂದೆ ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಸ್ಯಾನ್ ಮಟಿಯೋದಲ್ಲಿ ಅವನ ಗ್ರೋಸರಿ ಅಂಗಡಿಯಲ್ಲಿ ಅಕ್ಕಿ ಮೂಟೆ ಹೊತ್ತೆ. ಒಂದು ದಿನ ಅಂಗಡಿಗೆ ಕಳ್ಳ ನುಗ್ಗಿದ. ವಿಚಾರಿಸಲು ಬಂದ ಪೊಲೀಸಿನವನು ಅಣ್ಣನ ಮಾತು ಅರ್ಥವಾಗದೆ ಒದ್ದಾಡಿದ್ದನ್ನು ಕಂಡು, ಈ ಕೆಲಸ ನಾನು ಇವನಿಗಿಂತ ಚೆನ್ನಾಗಿ ಮಾಡಬಲ್ಲೆ ಎಂದುಕೊಂಡೆ. ಅಷ್ಟೇ ಕಾರಣ. ಪೌರತ್ವ ಸಿಕ್ಕಿದ ಮೇಲೆ ಇಲ್ಲಿಯವರು ಪೆನಿನ್ಸುಲಾ ಎನ್ನುವ ಈ ಸೀಮೆಯ ಒಂದು ಸಣ್ಣ ಊರಿನ ಪೊಲೀಸ್ ಇಲಾಖೆ ಸೇರಿದೆ. ಊರಿನ ಹೆಸರು ಬೇಡ. ಡಾಟ್‌ಕಾಮ್ ಭರಾಟೆ ಶುರುವಾಗುವ ಹೊತ್ತಿಗೆ ಅಲ್ಲಿ ಡಿಟೆಕ್ಟಿವ್ ಆಗಿದ್ದೆ.

ಆ ದಿನಗಳಲ್ಲಿ ಕನ್ನಡದವರ ಯಾವ ಊಟಕ್ಕೆ ಹೋದರೂ ಮೊದಲ ಪ್ರಶ್ನೆ, "ಯಾವ ಕಂಪನಿ ಸಾರ್?" ನಾನು ಪೊಲೀಸ್ ಎಂದರೆ ಎದುರಿಗಿದ್ದವರ ಕೈಯಲ್ಲಿದ್ದ ಚಿತ್ರಾನ್ನ ಬಾಯಿಗೆ ಹೋಗುವ ಮೊದಲೇ ನಿಲ್ಲುತ್ತಿತ್ತು. ಒಬ್ಬ ಹುಡುಗ ಗಾಬರಿಯಲ್ಲಿ ಜೇಬಿನಿಂದ ಡ್ರೈವಿಂಗ್ ಲೈಸೆನ್ಸನ್ನೇ ತೆಗೆದು ತೋರಿಸಿಬಿಟ್ಟಿದ್ದ.

ಆಗಿನ ನಮ್ಮವರ ಒಂದು ವಿಶೇಷ ಅಪರಾಧವನ್ನು ಹೇಳಲೇಬೇಕು. ಆಫೀಸಿನಿಂದ ಊರಿಗೆ ಫೋನ್ ಮಾಡಬೇಕಾದರೆ ಮೊದಲು ಹೊರಗಿನ ಲೈನಿಗೆ ಒಂಬತ್ತು ಒತ್ತಬೇಕು, ಆಮೇಲೆ ಸೊನ್ನೆ ಒಂದು ಒಂದು, ಆಮೇಲೆ ಭಾರತದ ತೊಂಬತ್ತೊಂದು. ಅವಸರದಲ್ಲಿ ಸೊನ್ನೆ ಬಿಟ್ಟರೆ ಒಂಬತ್ತು ಒಂದು ಒಂದು ಆಗಿ ನೇರ ಪೊಲೀಸಿಗೇ ಹೋಗುತ್ತದೆ. ಹುಡುಗ ಹೆದರಿ ಫೋನಿಡುತ್ತಾನೆ. ಫೋನಿಟ್ಟರೆ ಏನೋ ಅನಾಹುತವಾಗಿದೆ ಎಂದು ನಾವು ಸೈರನ್ ಹಾಕಿಕೊಂಡು ಹೋಗುತ್ತೇವೆ. ಒಂದು ಸಲ ಒಂದೇ ಕಟ್ಟಡಕ್ಕೆ ಒಂದೇ ಮಧ್ಯಾಹ್ನ ಮೂರು ಬಾರಿ ಹೋದೆ. ಮೂರನೆಯ ಸಲ ಮೇಜಿನ ಹಿಂದೆ ಅಡಗಿದ್ದವನು ಹಾಸನದವನು. "ಅಮ್ಮನ ಹತ್ರ ಮಾತಾಡ್ಬೇಕಿತ್ತು ಸಾರ್" ಎಂದ. ಸೊನ್ನೆ ಸೇರಿಸಿ ನಾನೇ ಒತ್ತಿಕೊಟ್ಟು ಬಂದೆ.

ಕೆಲಸದ ರೀತಿಯೂ ನನ್ನ ಕಣ್ಣೆದುರಿಗೇ ಬದಲಾಯಿತು. ನಾನು ಸೇರಿದಾಗ ವರದಿಗಳನ್ನು ಟೈಪ್‌ರೈಟರಿನಲ್ಲಿ ಕುಟ್ಟುತ್ತಿದ್ದೆವು, ಸೊಂಟದಲ್ಲಿ ಪೇಜರ್ ಕಿರುಗುಟ್ಟಿದರೆ ಪೇಫೋನ್ ಹುಡುಕಿಕೊಂಡು ಓಡುತ್ತಿದ್ದೆವು. ಆಮೇಲೆ ಕಂಪ್ಯೂಟರು ಬಂತು, ಸೆಲ್‌ಫೋನು ಬಂತು, ಕಳ್ಳರೂ ಬದಲಾದರು. ಮೊದಲು ಟಿವಿ ಕದಿಯುತ್ತಿದ್ದವರು ಈಗ ಕಂಪ್ಯೂಟರಿನ ಚಿಪ್ಪು ಕದಿಯತೊಡಗಿದರು. ಚಿಪ್ಪಿಗೆ ಚಿನ್ನದ ಬೆಲೆ, ತೂಕ ಕಡಿಮೆ, ಮೇಲೆ ಯಾರ ಹೆಸರೂ ಇಲ್ಲ. ಕಳ್ಳನಿಗೆ ಇನ್ನೇನು ಬೇಕು?

ಈಗ ನನ್ನ ಶೂಗಳ ಕಥೆಗೆ ಬರುತ್ತೇನೆ.

ಅಕ್ಕನ ಮಗಳ ಮದುವೆಗೆ ಮೈಸೂರಿಗೆ ಹೋಗಿದ್ದಾಗ ನನ್ನ ಕಪ್ಪು ಡ್ಯೂಟಿ ಶೂಗಳ ಅಟ್ಟೆ ಸವೆದಿತ್ತು. ಇಲ್ಲಿಯಾದರೆ ಎಸೆದು ಹೊಸದು ಕೊಳ್ಳುತ್ತಾರೆ. ನನಗೆ ಕೈ ಬರಲಿಲ್ಲ. ಮಾರ್ಕೆಟ್ಟಿನ ಹಿಂದೆ ಶೂ ರಿಪೇರಿ ಮಾಡುವ ಮುದುಕರೊಬ್ಬರಿಗೆ ಕೊಟ್ಟೆ. ಅವರು ಹಳೆಯ ಲಾರಿ ಟೈರು ಕತ್ತರಿಸಿ ಅಟ್ಟೆ ಹೊಲಿದುಕೊಟ್ಟು, "ಲಾರಿ ಟೈರು ಸಾ ಇದು. ನೀವ್ ಸವೀಬೋದು, ಇದು ಸವಿಯಕ್ಕಿಲ್ಲ" ಎಂದರು. ನನಗೆ ಎಷ್ಟು ಹೆಮ್ಮೆಯೆಂದರೆ ಸ್ಟೇಷನ್ನಿಗೆ ಮರಳಿದ ದಿನ ಕಾಲನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಅಟ್ಟೆ ತೋರಿಸಿದೆ. ನನ್ನ ಜೊತೆಗಾರ ಡಿಟೆಕ್ಟಿವ್ ಡೇವ್, "ಕರೀಂ, ನಿನಗೆ ಶೂ ಅಲ್ಲ, ಗಾಡಿಗಳಿಗೆ ಮಾಡಿಸುವ ಹೊಗೆ ತಪಾಸಣೆ ಬೇಕು" ಎಂದು ನಗಿಸಿದ. ಡೇವ್ ಮತ್ತು ನಾನು ಆರು ವರ್ಷ ಒಂದೇ ಕಾರಿನಲ್ಲಿ ತಿರುಗಿದವರು. ಅವನು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಫಾಸ್ಟರ್ ಸಿಟಿಯಲ್ಲಿ ಹಿನ್ನೀರಿನ ದಡದ ಶ್ರೀನಾಥ್ ಎಂಬುವರ ಮನೆಯಲ್ಲಿ ಯುಗಾದಿ ಊಟ. ಐವತ್ತು ಅರವತ್ತು ಜನ. ನೂರ್ ಶ್ಯಾವಿಗೆ ಪಾಯಸ ಮಾಡಿಕೊಂಡು ಬಂದಿದ್ದಳು. ಎಲ್ಲರ ಚಪ್ಪಲಿ ಶೂಗಳು ಗ್ಯಾರೇಜಿನಲ್ಲಿ ರಾಶಿ ಬಿದ್ದಿದ್ದವು. ಹೋಳಿಗೆ ಹೊಟ್ಟೆಗೆ ಬಿದ್ದ ಮೇಲೆ ನನ್ನ ನಾಲಗೆ ಸುಮ್ಮನಿರುವುದಿಲ್ಲ. ಅಲ್ಲಿಯೂ ಟೈರಿನ ಅಟ್ಟೆಯ ಕಥೆಯನ್ನು ಎಲ್ಲರಿಗೂ ಹೇಳಿದೆ. ಕೇಳಿದವರಲ್ಲಿ ಮೋಹನ ಎಂಬುವನಿದ್ದ. ನಮ್ಮ ಊರಿನ ಒಂದು ಚಿಪ್ ಗೋದಾಮಿನಲ್ಲಿ ಮೇಲ್ವಿಚಾರಕ. ಗೋದಾಮುಗಳ ಕಳ್ಳತನದ ತನಿಖೆಗೆಂದು ಹೋದಾಗಲೆಲ್ಲ "ಬನ್ನಿ ಸಾರ್, ಕಾಫಿ ಕುಡೀರಿ" ಎಂದು ಉಪಚರಿಸುತ್ತಿದ್ದ ಒಳ್ಳೆಯ ಮಾತಿನ ಮನುಷ್ಯ.

ಸಂಜೆ ಹೊರಡುವಾಗ ನೋಡಿದರೆ ನನ್ನ ಶೂ ಇಲ್ಲ. ಎಲ್ಲರೂ ಹೋದ ಮೇಲೆ ಉಳಿದದ್ದು ಒಂದೇ ಜೊತೆ, ನನ್ನದಕ್ಕಿಂತ ಹೊಸದಾದ ಕಪ್ಪು ಶೂ, ಅಳತೆಯೂ ಅದೇ. ಶ್ರೀನಾಥರ ತಾಯಿ ಸಾವಿತ್ರಮ್ಮನವರು ಬಾಗಿಲಿಗೆ ಬಂದು, "ಹೋಗ್ಲಿ ಬಿಡಪ್ಪ ಕರೀಮು, ಹಬ್ಬದ ದಿನ ಕಾಲಿಂದು ಕಳ್ಕೊಂಡ್ರೆ ಶನಿ ಬಿಟ್ಟ ಅಂತ ಲೆಕ್ಕ. ಇದನ್ನ ಹಾಕ್ಕೊಂಡು ಹೋಗು, ಅವ್ರೇ ಫೋನ್ ಮಾಡ್ತಾರೆ" ಎಂದರು. ದೇವಸ್ಥಾನ, ಮಸೀದಿ, ಮದುವೆ ಮನೆ ಎಲ್ಲ ಕಡೆ ಚಪ್ಪಲಿ ಕಳೆದುಕೊಂಡೇ ಬೆಳೆದವರು ನಾವು. ನಾನು ಎರಡನೇ ಯೋಚನೆ ಮಾಡದೆ ಆ ಶೂ ಹಾಕಿಕೊಂಡು ಮನೆಗೆ ಬಂದೆ. ಯಾರೂ ಫೋನ್ ಮಾಡಲಿಲ್ಲ. ಹೊಸ ಶೂ ಕಳೆದುಕೊಂಡು ಹಳೆಯದನ್ನು ಪಡೆದವನು ಏಕೆ ಹುಡುಕಿಕೊಂಡು ಬರಲಿಲ್ಲ ಎಂದು ಒಬ್ಬ ಡಿಟೆಕ್ಟಿವ್ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಳ್ಳಲಿಲ್ಲ. ಲಾಭವಾಯಿತೆಂದು ಸುಮ್ಮನಾದೆ.

ಮೂರು ವಾರದ ಮೇಲೆ ಮೋಹನ ಕೆಲಸ ಮಾಡುತ್ತಿದ್ದ ಗೋದಾಮಿಗೇ ಕಳ್ಳರು ನುಗ್ಗಿದರು. ಬೀಗ ಒಡೆದಿರಲಿಲ್ಲ, ಅಲಾರಂ ಕೂಗಿರಲಿಲ್ಲ. ಕೋಡ್ ಗೊತ್ತಿದ್ದವರೇ ಬಂದಿದ್ದರು. ತನಿಖೆಗೆಂದು ನನಗೂ ಆ ಕೋಡ್ ಕೊಟ್ಟಿದ್ದರು. ಬಣ್ಣ ಬಳಿಯಲು ಕೆರೆದಿದ್ದ ಗೋಡೆಯ ಪುಡಿ ನೆಲದ ಮೇಲೆ ತೆಳ್ಳಗೆ ಹರಡಿತ್ತು, ಅದರಲ್ಲಿ ಶೂ ಗುರುತು ಅಚ್ಚೊತ್ತಿದಂತೆ ಬಿದ್ದಿತ್ತು. ಶೂ ಆಕಾರದೊಳಗೆ ಲಾರಿ ಟೈರಿನ ಗೀರುಗಳು. ಇಡೀ ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದು ಒಂದೇ ಜೊತೆ. ನೋಡಿದ ಕೂಡಲೇ ಗುರುತು ಹಿಡಿದು, ಇದು ಕರೀಮನ ಶೂ ಎಂದು ವರದಿ ಬರೆದವನು ಡೇವ್.

ಮರುದಿನ ಬೆಳಗ್ಗೆ ಲೆಫ್ಟಿನೆಂಟ್ ಹಾರ್ಲನ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಪೊಲೀಸರ ಮೇಲೆಯೇ ತನಿಖೆ ಮಾಡುವ ಇಂಟರ್ನಲ್ ಅಫೇರ್ಸಿನವರೊಬ್ಬರೂ ಕುಳಿತಿದ್ದರು. ಶೂ ಅದಲುಬದಲಾದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳುತ್ತ ಹೇಳುತ್ತ, ಅದು ಅವರ ಕಿವಿಗೆ ಹೇಗೆ ಕೇಳಿಸುತ್ತಿದೆ ಎಂದು ನನಗೇ ತಿಳಿಯತೊಡಗಿತು.

"ಒಬ್ಬ ಡಿಟೆಕ್ಟಿವ್‌ನ ಶೂ ಕಳುವಾಯಿತು. ಅವನು ಯಾರಿಗೂ ಹೇಳಲಿಲ್ಲ. ಯಾರದೋ ಶೂ ಹಾಕಿಕೊಂಡು ಮನೆಗೆ ಹೋದ?" ಎಂದು ಹಾರ್ಲನ್ ಕೇಳಿದರು.

"ಹೌದು."

"ಯಾರದೆಂದು ಗೊತ್ತಿಲ್ಲದ ಶೂ?"

"ಹೌದು. ಇಗೋ, ಕಾಲಲ್ಲೇ ಇದೆ."

ಅವರು ಬಗ್ಗಿ ನೋಡಿದರು. ಯಾವ ಮಾಲಿಗೆ ಹೋದರೂ ಸಿಗುವಂಥ ಶೂ. "ಹಳೆಯದನ್ನು ಎಸೆದು ಹೊಸದು ಕೊಂಡಿದ್ದೀಯ" ಎಂದರು. ಹಾರ್ಲನ್ ಕೆಟ್ಟವರಲ್ಲ. ಆದರೆ ಮನೆಯೊಳಗೂ ಶೂ ಹಾಕಿಕೊಂಡೇ ಓಡಾಡುವ ಮನುಷ್ಯನಿಗೆ ಇದನ್ನು ಹೇಗೆ ವಿವರಿಸುವುದು? ಅವರು ಶ್ರೀನಾಥರಿಗೆ ಫೋನ್ ಮಾಡಿದರು. ವೀಸಾದ ಮೇಲಿದ್ದ ಶ್ರೀನಾಥ್ ಪೊಲೀಸ್ ಎಂಬ ಮಾತಿಗೇ ನಡುಗಿ, "ಶೂ ವಿಷಯ ನನಗೇನೂ ಗೊತ್ತಿಲ್ಲ" ಎಂದುಬಿಟ್ಟರು. ಸಾವಿತ್ರಮ್ಮನವರಿಗೆ ಇಂಗ್ಲಿಷ್ ಬಾರದು; ಅವರನ್ನು ಯಾರೂ ಕೇಳಲಿಲ್ಲ. ನೂರ್ ಹೇಳಿದ್ದು ಹೆಂಡತಿಯ ಮಾತೆಂದು ಲೆಕ್ಕಕ್ಕೆ ಬರಲಿಲ್ಲ.

ಬ್ಯಾಡ್ಜು, ಪಿಸ್ತೂಲು ತೆಗೆದುಕೊಂಡು ನನ್ನನ್ನು ಮನೆಗೆ ಕಳಿಸಿದರು. ಊಟಕ್ಕೆ ಬಂದಿದ್ದವರನ್ನಾಗಲಿ, ಆ ಕಂಪನಿಯವರನ್ನಾಗಲಿ ಭೇಟಿ ಮಾಡಿದರೆ ಅಂದೇ ಕೆಲಸದಿಂದ ತೆಗೆಯುತ್ತೇವೆ ಎಂದು ಬರೆದುಕೊಟ್ಟರು. ಎರಡು ವಾರದಲ್ಲಿ ಕಡತ ಸರ್ಕಾರಿ ವಕೀಲರ ಬಳಿಗೆ ಹೋಗುವುದಿತ್ತು. ಹೋದರೆ ಜೈಲು. ನಾನು ಹಿಡಿದು ಕಳಿಸಿದವರೆಲ್ಲ ಅಲ್ಲಿ ನನಗಾಗಿ ಕಾಯುತ್ತಿದ್ದರು.

ಮನೆಯಲ್ಲಿ ಕುಳಿತ ಆ ಎರಡು ವಾರ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಡೇವ್. ಒಂದು ಮಾತು ನನ್ನನ್ನು ಕೇಳದೆ ಬರೆದುಬಿಟ್ಟನಲ್ಲ ಎಂದು ಕುದಿಯುತ್ತಿದ್ದೆ. ಅವನು ದಿನಾ ಮನೆಗೆ ಫೋನ್ ಮಾಡುತ್ತಿದ್ದ. ನಾನಿಲ್ಲ ಎಂದು ಹೇಳಿಸುತ್ತಿದ್ದೆ. ನಮ್ಮ ಮನೆಮಾತು ಉರ್ದು. ಆದರೆ ನೂರ್ ಶಿವಮೊಗ್ಗದವಳು, ಸಿಟ್ಟು ಬಂದರೆ ಕನ್ನಡವೇ ಹೊರಡುವುದು. "ಎಷ್ಟು ದಿನ ಅಂತ ಸುಳ್ಳು ಹೇಳ್ಸ್ತೀರಿ ನನ್ ಕೈಲಿ? ಆ ಮನುಷ್ಯ ಏನೋ ಹೇಳಕ್ಕೆ ಒದ್ದಾಡ್ತಿದಾನೆ. ಒಂದ್ಸಲ ಮಾತಾಡಿದ್ರೆ ನಿಮ್ ಗಂಟೇನ್ ಹೋಗತ್ತೆ?" ಎಂದಳು. ಆದರೂ ನಾನು ಡೇವ್‌ನ ಫೋನ್ ಎತ್ತಲಿಲ್ಲ. ಹನ್ನೆರಡು ವರ್ಷದ ಮಗಳು ಸಲ್ಮಾ ನನ್ನ ಪಕ್ಕ ಕುಳಿತು, "ಡ್ಯಾಡ್, ಆರ್ ಯು ಗೋಯಿಂಗ್ ಟು ಜೈಲ್?" ಎಂದು ಕೇಳಿದಾಗ ಇಲ್ಲಮ್ಮ ಎಂದೆ. ಅವಳು ನಂಬಲಿಲ್ಲ, ನಾನೂ ನಂಬಿರಲಿಲ್ಲ.

ಈ ನಡುವೆ ನನಗೆ ಸೊಂಟ ಹಿಡಿದುಕೊಂಡಿತ್ತು. ಯುಗಾದಿ ಕಳೆದಾಗಿನಿಂದ ಇದ್ದ ನೋವು, ಈಗ ಕೂರಲು ಏಳಲು ಆಗುತ್ತಿರಲಿಲ್ಲ. ಚಿಂತೆಗೆ ಹೀಗಾಗಿದೆ ಎಂದುಕೊಂಡಿದ್ದೆ. ನೂರ್ ಬಲವಂತವಾಗಿ ಯೂನಿಯನ್ ಸಿಟಿಗೆ, ಡಾಕ್ಟರ್ ಗಿರಿಜಾ ಅವರ ಕ್ಲಿನಿಕ್ಕಿಗೆ ಕಳಿಸಿದಳು. ಧಾರವಾಡದವರು, ಮೂಳೆ ಡಾಕ್ಟರು, ನನಗಿಂತ ಹತ್ತು ವರ್ಷ ಹಿರಿಯರು. ನಡೆಸಿ ನೋಡಿದರು, ಮಲಗಿಸಿ ಕಾಲೆಳೆದು ನೋಡಿದರು, ಆಮೇಲೆ ನನ್ನ ಶೂ ಎತ್ತಿಕೊಂಡು ಒಳಗೆ ಬೆರಳು ಹಾಕಿದರು.

"ಏನ್ರೀ ಕರೀಂ ಸಾಹೇಬ್ರ, ಈ ಬೂಟು ಯಾರ್ದು?"

"ಯಾಕೆ ಡಾಕ್ಟ್ರೇ?"

"ನಿಮ್ದಂತೂ ಅಲ್ಲ. ನಿಮ್ಮ ಎರಡೂ ಕಾಲು ಸರೀ ಅದಾವು. ಈ ಎಡಗಾಲಿನ ಬೂಟಿನಾಗ ನೋಡ್ರಿ, ಮೆತ್ತೀ ಕೆಳಗ ಹಿಮ್ಮಡಿಗೆ ಎತ್ತರಾ ಮಾಡಿಸ್ಯಾರ. ಎಡಗಾಲು ಗಿಡ್ಡ ಇರೋ ಮಂದಿ ಹಾಕೊಳ್ಳೋದು ಇದು. ಸರೀ ಕಾಲಿನವ್ರು ಹಾಕ್ಕೊಂಡ್ರ ಸೊಂಟ ಮುರೀದ ಏನ್ ಆಗ್ತದ?"

ಇಡೀ ಇಲಾಖೆ ಹುಡುಕುತ್ತಿದ್ದ ಕಳ್ಳನ ಗುರುತನ್ನು ಐದು ವಾರ ಕಾಲಿಗೆ ಹಾಕಿಕೊಂಡು ತಿರುಗಿದ್ದೆ. ಕಂಕುಳಲ್ಲಿ ಮಗುವಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ನನ್ನಂಥವನನ್ನು ನೋಡಿಯೇ ಮಾಡಿರಬೇಕು.

ಶೂಗಳನ್ನು ಒಂದು ಕಾಗದದ ಚೀಲದಲ್ಲಿ ಹಾಕಿಸಿ, ಬಾಯಿ ಅಂಟಿಸಿ, ಅಂಟಿನ ಮೇಲೆ ಡಾಕ್ಟರ ಕೈಯಲ್ಲಿ ಸಹಿ, ಗಂಟೆ ಬರೆಸಿದೆ. ಅಂಜಲಿ, ಇದನ್ನು ನೆನಪಿಡು. ಸಾಕ್ಷ್ಯ ಕೈ ಬದಲಾಯಿಸುವಾಗಲೆಲ್ಲ ಒಂದು ಸಹಿ ಇರಲೇಬೇಕು. ಕಾಲಿಗೆ ಕ್ಲಿನಿಕ್ಕಿನವರೇ ಕೊಟ್ಟ ಸ್ಪಂಜಿನ ಸ್ಲಿಪ್ಪರ್ ಹಾಕಿಕೊಂಡೆ. ಆಮೇಲೆ ನೂರ್‌ಗೆ ಫೋನ್ ಮಾಡಿ ಸಂತೋಷದಲ್ಲಿ ಎಲ್ಲವನ್ನೂ ಹೇಳಿದೆ.

ಅಲ್ಲಿ ಇನ್ನೊಂದು ತಪ್ಪಾಯಿತು. ಊಟಕ್ಕೆ ಬಂದವರನ್ನು ಭೇಟಿ ಮಾಡಬಾರದು ಎಂದು ಬರೆದುಕೊಟ್ಟಿದ್ದದ್ದು ನನಗೆ, ನೂರ್‌ಗಲ್ಲ. ಅವಳು ತಕ್ಷಣ ಸಾವಿತ್ರಮ್ಮನವರಿಗೆ ಫೋನ್ ಮಾಡಿ, ಎಡಗಾಲು ಗಿಡ್ಡವಿರುವವರು ಯಾರಾದರೂ ಗೊತ್ತೇ ಎಂದು ಕೇಳಿದಳು. ಸಾವಿತ್ರಮ್ಮನವರಿಗೆ ಗೊತ್ತಿರಲಿಲ್ಲ. ಆದರೆ ಅಂದಿನ ಊಟಕ್ಕೆ ಯಾರು ಯಾವ ಪದಾರ್ಥ ತರಬೇಕೆಂದು ಬರೆದ ಪಟ್ಟಿ ಅವರ ಫ್ರಿಜ್ಜಿನ ಮೇಲೆಯೇ ಅಂಟಿಕೊಂಡಿತ್ತು, ಫೋನ್ ನಂಬರ್ ಸಮೇತ. ಚಿತ್ರಾನ್ನದಿಂದ ಶುರುಮಾಡಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಹೋದರು.

ನಾನು ಕಾರು ಹತ್ತಿ ಡೇವ್‌ಗೆ ಫೋನ್ ಮಾಡಲೋ ಬೇಡವೋ ಎಂದು ಒಂದು ಗಂಟೆ ಕುಳಿತಿದ್ದೆ. ಕೇಸು ಅವನ ಕೈಯಲ್ಲಿತ್ತು, ಶೂಗಳನ್ನು ಅವನಿಗೇ ಕೊಡಬೇಕು. ಅಷ್ಟರಲ್ಲಿ ನನ್ನ ಸೆಲ್‌ಫೋನೇ ಬಡಿದುಕೊಂಡಿತು.

"ಸಿಕ್ಕಿದ ಕಣಪ್ಪ ಕರೀಮು! ಮೋಹನನೇ!" ಎಂದರು ಸಾವಿತ್ರಮ್ಮ.

"ಅವನೇ ಒಪ್ಪಿಕೊಂಡನಾ ಅಮ್ಮ?"

"ಎಲ್ಲಿ ಒಪ್ಕೋತಾನೆ! ಇಪ್ಪತ್ತು ಮನೆಗೆ ಕೇಳ್ದೆ, ಕರೀಮಪ್ಪನ ಶೂ ನಿಮ್ಮಲ್ಲೇನಾದ್ರೂ ಬಂದಿದ್ಯಾ ಅಂತ. ಎಲ್ರೂ ನೋಡ್ತೀವಿ ಅಂದ್ರು, ಇಲ್ಲ ಅಂದ್ರು. ಇವನೊಬ್ನೇ, ಯಾಕೆ ಕೇಳ್ತಿದೀರಿ, ಯಾರು ಕೇಳಕ್ಕೆ ಹೇಳಿದ್ದು ಅಂದ. ಕದ್ದೋನಲ್ದೆ ಯಾರಪ್ಪ ಹಾಗೆ ಕೇಳ್ತಾರೆ?"

ಇಪ್ಪತ್ತು ವರ್ಷ ಟ್ರೈನಿಂಗ್ ಪಡೆದ ನನಗಿಂತ ಅವರ ತಲೆ ಚುರುಕಾಗಿತ್ತು. ಆದರೆ ಹಾವನ್ನು ಕೆಣಕಿಯೂ ಆಗಿತ್ತು. ಮೋಹನ ಈಗ ಮೊದಲು ಮಾಡುವ ಕೆಲಸ ನನ್ನ ಶೂ ಎಸೆಯುವುದು. ಅವನ ಅಪಾರ್ಟ್‌ಮೆಂಟು ಅದೇ ಯೂನಿಯನ್ ಸಿಟಿಯ ರೈಲು ನಿಲ್ದಾಣದ ಪಕ್ಕ, ನಾನಿದ್ದಲ್ಲಿಂದ ಐದು ನಿಮಿಷ. ಆ ಎರಡು ವಾರದಲ್ಲಿ ಮೊದಲ ಬಾರಿಗೆ ಡೇವ್‌ನ ನಂಬರ್ ಒತ್ತಿದೆ. ಉಸಿರು ಬಿಡದೆ ಎಲ್ಲ ಹೇಳಿದೆ.

"ಅಲ್ಲಿಗೆ ಹೋಗಬೇಡ" ಎಂದ ಡೇವ್. "ಹೋದರೆ ಕೆಲಸ ಹೋಗುತ್ತದೆ. ನಾನೇ ಬರುತ್ತೇನೆ."

"ಸ್ಯಾನ್ ಮಟಿಯೋ ಸೇತುವೆ ದಾಟಿ ನೀನು ಬರುವುದಕ್ಕೆ ನಲವತ್ತು ನಿಮಿಷ ಬೇಕು."

"ಕರೀಂ, ಹೋಗಬೇಡ."

ಹೋದರೆ ಕೆಲಸ ಹೋಗುತ್ತದೆ. ಹೋಗದಿದ್ದರೆ ಶೂ ಹೋಗುತ್ತದೆ, ಅದರೊಂದಿಗೆ ನಾನೂ. ಹೋದೆ.

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವುದಕ್ಕೂ ಮೋಹನ ಗ್ರೋಸರಿ ಚೀಲವೊಂದನ್ನು ಹಿಡಿದು ಕೆಳಗಿಳಿಯುವುದಕ್ಕೂ ಸರಿಹೋಯಿತು. ಮೂಲೆಯಲ್ಲಿದ್ದ ದೊಡ್ಡ ಕಬ್ಬಿಣದ ಕಸದ ತೊಟ್ಟಿಯ ಮುಚ್ಚಳ ಎತ್ತಿ ಚೀಲವನ್ನು ಒಳಗೆಸೆದ. ಅವನ ಅದೃಷ್ಟ ನೋಡಿ, ಅದೇ ಗಳಿಗೆಗೆ ಕಸದ ಲಾರಿಯೂ ಗೇಟಿನೊಳಗೆ ಬಂತು. ತೊಟ್ಟಿಯನ್ನು ಕಬ್ಬಿಣದ ತೋಳುಗಳಿಂದ ಎತ್ತಿ, ಕವಚಿ, ಎಲ್ಲವನ್ನೂ ಅಪ್ಪಚ್ಚಿ ಮಾಡುವ ಲಾರಿ.

ನನಗೆ ಸೊಂಟನೋವು ಮರೆತುಹೋಯಿತು. ಸ್ಪಂಜಿನ ಸ್ಲಿಪ್ಪರಿನಲ್ಲಿ ಓಡಿಹೋಗಿ ಲಾರಿಗೂ ತೊಟ್ಟಿಗೂ ನಡುವೆ ಎರಡೂ ಕೈ ಎತ್ತಿ ನಿಂತೆ. ಚೀಲವನ್ನು ನಾನೇ ತೆಗೆಯುವಂತಿರಲಿಲ್ಲ. ನಾನು ಮುಟ್ಟಿದರೆ ನಾನೇ ತಂದಿಟ್ಟೆ ಎನ್ನುತ್ತಾರೆ. ಲಾರಿಯ ಡ್ರೈವರ್ ಹೆಕ್ಟರ್ ಎಂಬ ಭಾರಿ ಆಳು ಕಿಟಕಿಯಿಂದ ತಲೆ ಹೊರಹಾಕಿ ಬೈಯತೊಡಗಿದ.

"ನಾನು ಪೊಲೀಸ್!" ಎಂದು ಕೂಗಿದೆ.

"ಬ್ಯಾಡ್ಜ್ ತೋರಿಸು!"

"ಇಲ್ಲ!"

"ಹಾಗಾದರೆ ದಾರಿ ಬಿಡು!"

ಅಷ್ಟರಲ್ಲಿ ಮೋಹನ ನನ್ನನ್ನು ನೋಡಿದ. ಅವನು ಓಡಿ ತನ್ನ ಕಾರು ಹತ್ತಿದ. ತಪ್ಪಿಸಿಕೊಂಡು ಹೋಗುತ್ತಾನೆ ಎಂದುಕೊಂಡೆ. ಕಾರು ತಿರುಗಿತು, ಟೈರು ಚೀರಿತು, ನೇರ ನನ್ನ ಮೇಲೆಯೇ ಬಂತು. ನಾನು ತೊಟ್ಟಿಯ ಅಂಚು ಹಿಡಿದು ಮೇಲಕ್ಕೆ ಹಾರಿದೆ. ಕಾರು ತೊಟ್ಟಿಗೆ ಗುದ್ದಿದ ರಭಸಕ್ಕೆ ಮುಚ್ಚಳದ ಮೇಲೆ ಬಿದ್ದು ನನ್ನ ಎಡ ಮಣಿಕಟ್ಟು ಲಟಕ್ಕೆಂದಿತು. ಕಾರು ಹಿಂದಕ್ಕೆ ಹೋಗಿ ಮತ್ತೆ ಬಂದು ಗುದ್ದಿತು. ಅಷ್ಟು ಒಳ್ಳೆಯ ಮಾತಿನ ಮನುಷ್ಯನ ಮುಖ ಗಾಜಿನ ಹಿಂದೆ ಗುರುತೇ ಸಿಗದಂತಾಗಿತ್ತು. ನನಗೆ ನಿಜವಾಗಿಯೂ ಭಯವಾಯಿತು.

ಹೆಕ್ಟರ್ ಬೈಯುವುದನ್ನು ನಿಲ್ಲಿಸಿದ. ಯಾರು ಪೊಲೀಸ್, ಯಾರು ಕಳ್ಳ ಎಂದು ಅವನಿಗೆ ಈಗ ಬ್ಯಾಡ್ಜಿಲ್ಲದೆಯೂ ತಿಳಿದಿತ್ತು. ಲಾರಿಯನ್ನು ಹಿಂದಕ್ಕೆ ತೆಗೆದು ಗೇಟಿಗೆ ಅಡ್ಡ ನಿಲ್ಲಿಸಿಬಿಟ್ಟ. ದಾರಿ ಮುಚ್ಚಿದ್ದು ಕಂಡ ಮೋಹನ ಕಾರು ಬಿಟ್ಟು ರೈಲು ನಿಲ್ದಾಣದ ಕಡೆ ಓಡಿದ. ಮನೆಯ ಚಪ್ಪಲಿಯಲ್ಲಿದ್ದ ಅವನ ಎಡಗಾಲು ಹೆಜ್ಜೆ ಹೆಜ್ಜೆಗೂ ತಗ್ಗುತ್ತಿತ್ತು. ಎತ್ತರಿಸಿದ ಶೂ ಹಾಕಿಕೊಂಡು ಅಷ್ಟು ವರ್ಷ ಅದನ್ನು ಯಾರಿಗೂ ತೋರಗೊಡದೆ ನಡೆದಿದ್ದ.

ಬೆನ್ನಟ್ಟಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ತೊಟ್ಟಿ ಬಿಟ್ಟು ಹೋದರೆ ಸಾಕ್ಷ್ಯಕ್ಕೆ ಕಾವಲಿಲ್ಲ. ಓಡಿಹೋಗುವ ಕಳ್ಳನನ್ನು ಕುಳಿತುಕೊಂಡೇ ನೋಡಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಹೆಕ್ಟರ್ ತನ್ನ ಊಟದ ಡಬ್ಬಿಯಿಂದ ಅರ್ಧ ಬರಿಟೊ, ಅಂದರೆ ಪಲ್ಯ ತುಂಬಿ ಸುತ್ತಿದ ಮೆಕ್ಸಿಕೋದ ರೊಟ್ಟಿ, ಕೊಟ್ಟ. ಒಳಗಿನ ಮಾಂಸ ನನಗೆ ಆಗುವುದೋ ಇಲ್ಲವೋ ಎಂದು ಕೇಳಿದೆ. ಬೀನ್ಸ್ ಮಾತ್ರ ಎಂದ. ಮುರಿದ ಕೈಯನ್ನು ಎದೆಗವಚಿಕೊಂಡು, ಕಸದ ತೊಟ್ಟಿಯ ಮೇಲೆ ಕುಳಿತು ತಿಂದೆ.

ಡೇವ್ ಬಂದ. ಮೋಹನ ಓಡಿದ ದಿಕ್ಕನ್ನು ನಾನು ಫೋನಿನಲ್ಲಿ ಹೇಳಿದ್ದರಿಂದ ದಾರಿಯಿಂದಲೇ ರೈಲ್ವೆ ಪೊಲೀಸರಿಗೆ ತಿಳಿಸಿದ್ದ. ಮೋಹನ ಪ್ಲಾಟ್‌ಫಾರ್ಮಿನ ಮೇಲೆಯೇ ಸಿಕ್ಕಿಬಿದ್ದಿದ್ದ. ಡೇವ್ ಕೈಗವಸು ಹಾಕಿಕೊಂಡು ತೊಟ್ಟಿಯೊಳಗಿಳಿದು ಚೀಲ ತೆಗೆದ. ಲಾರಿ ಟೈರು ಹಾಗೇ ಇತ್ತು, ಒಂಚೂರೂ ಸವೆದಿರಲಿಲ್ಲ. ಚೀಲದ ಮೇಲೆ ಮೋಹನನ ಬೆರಳಚ್ಚು, ಎಸೆದದ್ದಕ್ಕೆ ಹೆಕ್ಟರನ ಸಾಕ್ಷಿ.

ಮೋಹನ ಆಮೇಲೆ ಎಲ್ಲವನ್ನೂ ಒಪ್ಪಿಕೊಂಡ. ಅಂದು ಪೇಜರ್ ಬಂತೆಂದು ಗಡಿಬಿಡಿಯಲ್ಲಿ ನನ್ನ ಶೂ ಮೆಟ್ಟಿಕೊಂಡು ಹೋಗಿದ್ದನಂತೆ. ಕಾಲು ಕುಂಟಿದ್ದರಿಂದ ಕಾರಿನ ಬಳಿ ತೆಗೆದು ನೋಡಿದರೆ ಟೈರಿನ ಅಟ್ಟೆ. ಕಥೆಯನ್ನು ನಾನೇ ಆಗಷ್ಟೇ ಹೇಳಿದ್ದೆನಲ್ಲ. ಅದನ್ನೇ ಹಾಕಿಕೊಂಡು ಕದ್ದರೆ ಸಂಶಯ ನನ್ನ ಮೇಲೆ ಬರುತ್ತದೆಂದು ಹೊಳೆಯಿತಂತೆ. ಮೊದಲು ಮರೆವು, ಆಮೇಲೆ ದುರ್ಬುದ್ಧಿ. ಅವನ ಮೇಲೆ ನನಗೀಗ ಸಿಟ್ಟಿಲ್ಲ. ಶಿಕ್ಷೆ ಮುಗಿಸಿ ಬೇರೆ ರಾಜ್ಯಕ್ಕೆ ಹೋದನೆಂದು ಕೇಳಿದ್ದೇನೆ.

ಹಾರ್ಲನ್ ಬ್ಯಾಡ್ಜು ವಾಪಸು ಕೊಟ್ಟು ಕೈಕುಲುಕಿದರು. ಆದೇಶ ಮೀರಿದ್ದಕ್ಕೆ ಒಂದು ವಾರದ ಸಂಬಳ ಕತ್ತರಿಸಿದರು, ಅದೂ ನ್ಯಾಯವೇ. ಡೇವ್ ಮಾತ್ರ ನನ್ನೊಂದಿಗೆ ಎಂದಿನಂತೆ ನಡೆದುಕೊಂಡ. ನಾನು ಹಾಗೆ ನಡೆದುಕೊಳ್ಳಲಿಲ್ಲ. ಅದೇ ಕಾರು, ಅದೇ ಸೀಟು, ಆದರೆ ಕೇಳಿದ್ದಕ್ಕಷ್ಟೇ ಉತ್ತರ. ನನ್ನನ್ನು ಬಿಡಿಸಿದ ಮೇಲೆಯೂ, ಮೊದಲು ಹಿಡಿಸಿದವನು ಇವನೇ ಎಂಬುದು ಎದೆಯಿಂದ ಇಳಿದಿರಲಿಲ್ಲ.

ಕೈಯ ಪ್ಲಾಸ್ಟರ್ ಬಿಚ್ಚಿದ ವಾರ, ಕೇಸು ಮುಗಿಯಿತೆಂದು ನನ್ನ ಕಡತದ ಪ್ರತಿಯನ್ನು ನನಗೇ ಕೊಟ್ಟರು. ರೆಕಾರ್ಡ್ಸ್ ರೂಮಿನಲ್ಲಿ ಕುಳಿತು ತೆರೆದೆ. ಮೊದಲ ಹಾಳೆ ಡೇವ್‌ನ ವರದಿ. ಗುರುತು ಕರೀಮನ ಶೂಗಳದ್ದು, ಸಂಶಯವಿಲ್ಲ, ಎಂದು ಬರೆದಿದ್ದ. ಅದಕ್ಕೆ ಪಿನ್ ಮಾಡಿದ್ದ ಎರಡನೆಯ ಹಾಳೆ ಇತ್ತು, ಅದೇ ದಿನದ್ದು, ಅದೇ ಗಂಟೆಯದು, ಅವನ ಕೈಬರಹದ್ದು: "ಶೂ ಕರೀಮನದು, ಕಾಲು ಕರೀಮನದಲ್ಲ. ಎಡ ಹಿಮ್ಮಡಿ ನೆಲಕ್ಕೆ ಸರಿಯಾಗಿ ಊರಿಲ್ಲ. ಆರು ವರ್ಷ ಅವನ ಹಿಂದೆ ನಡೆದಿದ್ದೇನೆ, ಅವನು ಎರಡೂ ಹಿಮ್ಮಡಿ ಗಟ್ಟಿಯಾಗಿ ಊರಿ ನಡೆಯುವ ಮನುಷ್ಯ. ಈ ಶೂಗಳನ್ನು ಇನ್ಯಾರೋ ಹಾಕಿದ್ದಾರೆ. ಯಾರೆಂದು ಅವನನ್ನು ಕೇಳಬೇಕು." ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, 'ಬರಿಯ ಊಹೆ' ಎಂದು ಬರೆದು, ಮೇಲಿನವರಾರೋ ಆ ಹಾಳೆಗೆ ಗೆರೆ ಹೊಡೆದಿದ್ದರು.

ಅದನ್ನು ಎರಡು ಸಲ ಓದಿದೆ. ಅವನು ಮೊದಲ ಹಾಳೆ ಬರೆಯದಿದ್ದರೆ ಸುಳ್ಳುಗಾರನಾಗುತ್ತಿದ್ದ, ಅವನ ಎರಡನೆಯ ಹಾಳೆಯನ್ನು ಯಾರೂ ನಂಬುತ್ತಿರಲಿಲ್ಲ. ಎರಡನ್ನೂ ಬರೆದು, ಯಾರೂ ಕಿವಿಗೊಡದಾಗ ದಿನಾ ನನ್ನನ್ನು ಕೇಳಲು ಫೋನ್ ಮಾಡಿದ. ನಾನು ಮನೆಯಲ್ಲೇ ಕುಳಿತು ಇಲ್ಲ ಎಂದು ಹೇಳಿಸಿದೆ. ರೆಕಾರ್ಡ್ಸ್ ರೂಮಿನ ಗುಮಾಸ್ತೆಯ ಎದುರಿಗೇ ನನಗೆ ಅಳು ಬಂದುಬಿಟ್ಟಿತು. ಅಂಜಲಿ, ಆ ಕೆಲಸದಲ್ಲಿ ಅಳುವುದು ತಪ್ಪಲ್ಲ.

ಹೊರಗೆ ಬಂದೆ. ಡೇವ್ ತನ್ನ ಮೇಜಿನ ಬಳಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಎದುರಿನ ಕುರ್ಚಿ ಎಳೆದು ಕುಳಿತು, "ನನ್ನನ್ನು ಕ್ಷಮಿಸು" ಎಂದೆ.

"ಯಾವುದಕ್ಕೆ?" ಎಂದ.

ಯಾವುದಕ್ಕೆಂದು ಹೇಳಿ ಮುಗಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಅವನು ಸ್ಯಾಂಡ್‌ವಿಚ್ ಬದಿಗಿಟ್ಟು ಪೂರ್ತಿ ಕೇಳಿದ.